ಗೋದಾವರಿ ವರ್ಗದ ಹಡಗುಗಳಿಗೆ ನಾನು ಸ್ಪೇರ್ ಹುಡುಕುತ್ತಿದ್ದ ಬಗೆ

ಮುಂಬೈನ ನೌಕಾ ಡಾಕ್‌ಯಾರ್ಡ್‌ನಲ್ಲಿ ನಾನು ಜಾಸ್ತಿ ದುಡಿದದ್ದು ಗೋದಾವರಿ, ಗಂಗಾ, ಗೋಮತಿ ಹಡಗುಗಳ ಸ್ಪೇರ್ ಪಾರ್ಟ್ಸ್‌ಗಾಗಿ. ಮೂರನ್ನೂ ಕಟ್ಟಿದ್ದು ಮುಂಬೈನದೇ ಇನ್ನೊಂದು ಯಾರ್ಡ್, ಮಜಗಾಂವ್ ಡಾಕ್‌ನಲ್ಲಿ. ನಮ್ಮವರೇ ವಿನ್ಯಾಸ ಮಾಡಿದ ಮೊದಲ ಕ್ಷಿಪಣಿ ಫ್ರಿಗೇಟ್ (ಮಧ್ಯಮ ಗಾತ್ರದ ಯುದ್ಧನೌಕೆ) ಗೋದಾವರಿ, 1983ರ ಡಿಸೆಂಬರ್‌ನಲ್ಲಿ ನೌಕಾಪಡೆ ಸೇರಿತು. ಈ ಹಡಗಿನ ಹಿನ್ನೆಲೆ ಗೊತ್ತಿಲ್ಲದವರಿಗೆ ಅದರ ಒಂದು ನಟ್ಟು ಹುಡುಕೋದೂ ಕಷ್ಟ.

ಇದರ ಬೇರು ಬ್ರಿಟಿಷರ ಲಿಯಾಂಡರ್ ವರ್ಗದ ಫ್ರಿಗೇಟ್. ಅದನ್ನೇ ನಾವು ಮೊದಲು ನೀಲಗಿರಿ ವರ್ಗವಾಗಿ ಕಟ್ಟಿದ್ದೆವು. ಗೋದಾವರಿ ಅದಕ್ಕಿಂತ ದೊಡ್ಡದು, ಆದರೆ ಬಾಯ್ಲರ್, ಆವಿ ಟರ್ಬೈನ್ ಅದೇ ವಂಶದವು. ಮೇಲೆ ಕೂರಿಸಿದ ಕ್ಷಿಪಣಿಗಳು ಮಾತ್ರ ಸೋವಿಯತ್. ಹಡಗಿನ ಕರೆಂಟ್ 440 ವೋಲ್ಟ್, 60 ಹರ್ಟ್ಸ್. ಸೋವಿಯತ್ ಉಪಕರಣಕ್ಕೆ ಬೇಕಾದದ್ದು 380 ವೋಲ್ಟ್, 50 ಹರ್ಟ್ಸ್. ನಡುವೆ ಒಂದನ್ನು ಇನ್ನೊಂದಾಗಿ ಬದಲಿಸೋ ಕನ್ವರ್ಟರ್. ಹಾಗಾಗಿ ಮೋಟಾರ್ ಸುಟ್ಟಿದೆ ಅಂತ ಚೀಟಿ ಬಂದರೆ ನಾನು ಮೊದಲು ಕೇಳುತ್ತಿದ್ದದ್ದು, ಕನ್ವರ್ಟರ್‌ಗೆ ಆಚೆಯದೋ ಈಚೆಯದೋ ಅಂತ. ಇಷ್ಟೆಲ್ಲ ಒಂದೇ ಹಡಗಿನಲ್ಲಿ ಹೊಂದಿಸಿದ ನಮ್ಮ ವಿನ್ಯಾಸಕಾರರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಬೋಲ್ಟ್‌ಗಳ ಕಥೆ ಇನ್ನೂ ಸೂಕ್ಷ್ಮ, ಒಂದು ಕಡೆ ಬ್ರಿಟಿಷರ ಇಂಚು, ಇನ್ನೊಂದು ಕಡೆ ಸೋವಿಯತ್ ಮಿಲಿಮೀಟರ್. ಅರ್ಧ ಇಂಚಿನ ನಟ್ಟು 12.7 ಮಿಲಿಮೀಟರ್. ಅದು 12 ಮಿಲಿಮೀಟರ್ ಬೋಲ್ಟ್ ಮೇಲೆ ಶುರುವಿಗೆ ಕೂರುತ್ತೆ, ಸರಿಯಾಗಿದೆ ಅಂತಲೇ ಅನ್ನಿಸುತ್ತೆ. ಬಿಗಿ ಮಾಡಿದರೆ ಹಲ್ಲು ಹಿಡಿಯಲ್ಲ. ವಿಟ್‌ವರ್ತ್ ಅನ್ನೋ ಬ್ರಿಟಿಷ್ ಇಂಚಿನ ಮಾದರಿಯ ಹಲ್ಲಿನ ಕೋನ 55 ಡಿಗ್ರಿ, ಮೆಟ್ರಿಕ್ ಹಲ್ಲಿನದು 60. ಅದಕ್ಕೇ ಬೋಲ್ಟಿನ ಹಲ್ಲು ಯಾವ ಅಳತೆಯದು ಅಂತ ನೋಡೋ ಥ್ರೆಡ್ ಗೇಜ್ ನನ್ನ ಜೇಬಿನಲ್ಲೇ ಇರುತ್ತಿತ್ತು. ಗೇಜ್‌ನ ಹಲ್ಲನ್ನು ಬೋಲ್ಟ್‌ಗೆ ಒತ್ತಿ, ಬೆಳಕಿಗೆ ಹಿಡಿದು, ಸಂದಿ ಕಾಣದಿದ್ದರೆ ಮಾತ್ರ ಸ್ಟೋರ್‌ಗೆ ಬರೆಯುತ್ತಿದ್ದೆ.

ರಷ್ಯನ್ ಅಕ್ಷರಗಳನ್ನೂ ಕಲಿತೆ. ಅವರ 'ರ' ನೋಡೋಕೆ ಇಂಗ್ಲಿಷಿನ 'ಪಿ' ತರ. ಒಬ್ಬರು ಕಂಡ ಹಾಗೆ, ಇನ್ನೊಬ್ಬರು ಓದಿದ ಹಾಗೆ ಬರೆದುಕೊಂಡರೆ ಒಂದೇ ಪಾರ್ಟ್ ಎರಡು ನಂಬರಿನಲ್ಲಿ ಕೂರುತ್ತೆ. ಇಲ್ಲ ಅಂದ ಸಾಮಾನು ಪಕ್ಕದ ರ‍್ಯಾಕಿನಲ್ಲೇ ಸಿಗುತ್ತಿತ್ತು. ನೇಮ್‌ಪ್ಲೇಟ್ ಮೇಲಿನ ಬಣ್ಣ ಕೆರೆದು, ಇದ್ದದ್ದನ್ನು ಇದ್ದ ಹಾಗೇ ಅಚ್ಚು ತೆಗೆಯೋದೇ ನನ್ನ ಪದ್ಧತಿಯಾಯಿತು.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿಯ ಕಾರ್ಖಾನೆಗಳು ಬೇರೆ ಬೇರೆ ದೇಶಗಳ ಪಾಲಾಗಿ, ಸ್ಪೇರ್ ತರಿಸೋದು ಕಷ್ಟವಾಗಿತ್ತು. ಸೀಲು, ಬುಶ್, ಗ್ಯಾಸ್ಕೆಟ್ ಆದರೆ ಹಳೆಯದನ್ನು ಅಳೆದು ಇಲ್ಲೇ ಮಾಡಿಸಬಹುದು. ಎಲೆಕ್ಟ್ರಾನಿಕ್ ಕಾರ್ಡ್‌ಗೆ ಅದು ಆಗಲ್ಲ. ಆಗ ರಿಪೇರಿಗೆ ನಿಂತ ಸೋದರ ಹಡಗಿನಿಂದ ಬಿಚ್ಚಿ, ಹೊರಡಬೇಕಾದ ಹಡಗಿಗೆ ಹಾಕುತ್ತಿದ್ದೆವು. ನನ್ನ ಹಠ ಒಂದೇ ಆಗಿತ್ತು. ಬಿಚ್ಚಿದ ಜಾಗದಲ್ಲಿ ಟ್ಯಾಗ್ ಕಟ್ಟಬೇಕು, ಏನು ತೆಗೆದೆ, ಯಾವ ಹಡಗಿಗೆ, ಯಾವತ್ತು. ಸುಮ್ನೆ ಬಾಯಿಮಾತಲ್ಲಿ ಬಿಟ್ಟರೆ ಆ ಪಾರ್ಟ್ ವಾಪಸ್ ಬರಲ್ಲ.

2015ರಲ್ಲಿ ಗೋದಾವರಿ, 2018ರಲ್ಲಿ ಗಂಗಾ, 2022ರ ಮೇ 28ರಂದು ಗೋಮತಿ ನಿವೃತ್ತವಾದವು. ಅವುಗಳ ನಂತರದ ಬ್ರಹ್ಮಪುತ್ರ, ಬೇತ್ವಾ, ಬಿಯಾಸ್ ಕೂಡ ಆವಿ ಟರ್ಬೈನ್ ಹಾಕಿಯೇ ಕಟ್ಟಿದ ಹಡಗುಗಳು. ಅವುಗಳಲ್ಲಿ ಕೆಲಸ ಮಾಡೋ ಹುಡುಗರು ಕೇಳಿದಾಗೆಲ್ಲ ನಾನು ಮೊದಲು ಹೇಳೋದು, ಒಂದು ಥ್ರೆಡ್ ಗೇಜ್ ತಗೊಳ್ಳಿ.