ತಾರೀಖು ಕೊಡುವುದನ್ನು ಬಿಟ್ಟ ಮೇಲೆ ಹ್ಯಾಮ್‌ಸ್ಟ್ರಿಂಗ್ ಮಾತು ಕೇಳಿತು

ಫುಟ್‌ಬಾಲ್ ತಂಡದ ಡಾಕ್ಟರ್ ಆಗಿ ಇದು ನನ್ನ ಐದನೇ ಸೀಸನ್. ಕಳೆದ ಸೀಸನ್ನಿನಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹಿಡಿದುಕೊಂಡು ಕೂತವರು ಮೂವರು. ಮರಳಿ ಬಂದ ಮೇಲೆ ಮತ್ತೆ ಹರಿದುಕೊಂಡವರು ಒಬ್ಬರೂ ಇಲ್ಲ. ಮೊದಲ ಸೀಸನ್ನಿನಲ್ಲಿ ಎಂಟೋ ಒಂಬತ್ತೋ ಇದ್ದವು, ಅದರಲ್ಲಿ ನಾಲ್ಕು ಎರಡನೇ ಸಲದವು. "ಡಾಕ್ಟರ್ ಕೆಲಸ ಮಾತ್ರೆ ಕೊಡೋದು, ಓಡಿಸೋದಲ್ಲ" ಎಂದಿದ್ದ ಫಿಟ್ನೆಸ್ ಕೋಚ್ ಈಗ ನನ್ನ ಹಾಳೆಯನ್ನೇ ಗೋಡೆಗೆ ಅಂಟಿಸಿಕೊಂಡಿದ್ದಾರೆ. ಸ್ವಲ್ಪ ಜಂಬ ಪಡಬಹುದು, ಅಲ್ವಾ?

ನನ್ನ ದೊಡ್ಡ ತಪ್ಪು ತಾರೀಖು ಕೊಟ್ಟಿದ್ದು. "ಎಷ್ಟು ದಿನ ಡಾಕ್ಟ್ರೇ?" ಎಂದು ಕೋಚ್ ಕೇಳುತ್ತಿದ್ದರು. "ಮೂರು ವಾರ" ಎನ್ನುತ್ತಿದ್ದೆ. ಅಲ್ಲಿಗೆ ಅದು ಶಾಸನ. 21ನೇ ದಿನ ಹುಡುಗ ಬೂಟು ಕಟ್ಟಿಕೊಂಡು ನಿಂತಿರುತ್ತಿದ್ದ. ಒಬ್ಬ ವಿಂಗರ್ ಹಾಗೆಯೇ ಮರಳಿದ. ಅರವತ್ತನೇ ನಿಮಿಷದ ಆಸುಪಾಸು, ಉದ್ದನೆಯ ಪಾಸಿಗೆ ಓಡಿದ. ನಾಲ್ಕನೇ ಹೆಜ್ಜೆಗೆ ಕೈ ತೊಡೆಯ ಹಿಂದಕ್ಕೆ ಹೋಯಿತು. ಬ್ಯಾಗ್ ಎತ್ತುವ ಮೊದಲೇ ನನಗೆ ಗೊತ್ತಾಗಿತ್ತು. ಆಮೇಲೆ ಅವನು ಹೊರಗೆ ಕೂತಿದ್ದು ಸುಮಾರು ಒಂಬತ್ತು ವಾರ.

ದುಡ್ಡಿನ ವಿಷಯ ಕೇಳಿ. ಆ ವರ್ಷ ವೈದ್ಯಕೀಯ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ಎಂಆರ್‌ಐಗೇ ಹೋಯಿತು. ಗಾಯ ಆದಾಗ ಒಂದು, ಮರಳುವ ಮುಂಚೆ ಇನ್ನೊಂದು. ಆ ಎರಡನೆಯದು ಸುಮ್ನೆ ದಂಡ. ಚೆನ್ನಾಗಿ ಓಡುವ ಕಾಲಿನಲ್ಲೂ ಸ್ಕ್ಯಾನಿನಲ್ಲಿ ಬಿಳಿ ಕಲೆ ಕಾಣುತ್ತಿರುತ್ತದೆ. ಅದನ್ನು ನೋಡಿ ಮ್ಯಾನೇಜರ್ ಹೆದರುತ್ತಾರೆ, ಆಟಗಾರ ಇನ್ನೂ ಜಾಸ್ತಿ ಹೆದರುತ್ತಾನೆ. ಪಿಆರ್‌ಪಿಯೂ (ಆಟಗಾರನದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಇಂಜೆಕ್ಷನ್) ಮಾಡಿ ನೋಡಿದೆ, ಮೂವರಿಗೆ. 80 ಆಟಗಾರರ ಮೇಲೆ ಅದನ್ನು ಬರೀ ಸಲೈನ್ ಜೊತೆ ಹೋಲಿಸಿದ ಅಧ್ಯಯನ 2014ರಲ್ಲೇ ಬಂದಿತ್ತು: ಎರಡೂ ಗುಂಪು ಮರಳಿದ್ದು ಸುಮಾರು 42 ದಿನಕ್ಕೆ. ನಾನು ಓದಿದ್ದು ಬಿಲ್ ಕಟ್ಟಿದ ಮೇಲೆ.

ಎರಡನೇ ಸೀಸನ್ನಿನಿಂದ ತಾರೀಖು ಬಂದ್. ಬದಲಿಗೆ ಬಾಗಿಲುಗಳು. ಒಂದು ದಾಟಿದರೆ ಮುಂದಿನದು. ಐದನೇ ದಿನದ ಹೊತ್ತಿಗೇ ಸ್ವೀಡನ್ನಿನ ಸಂಶೋಧಕ ಆಸ್ಕ್ಲಿಂಗ್ ಅವರ, ಸ್ನಾಯುವನ್ನು ಉದ್ದವಾಗಿಸುವ ವ್ಯಾಯಾಮಗಳು ಶುರು. ಬಲದಲ್ಲಿ ಎರಡು ಕಾಲಿಗೂ ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆಮೇಲೆ ಎಚ್-ಟೆಸ್ಟ್: ಮಂಡಿಗೆ ಬ್ರೇಸ್ ಹಾಕಿ ಮಲಗಿಸಿ, ಕಾಲನ್ನು ನೇರವಾಗಿ, ಆದಷ್ಟು ಜೋರಾಗಿ ಮೇಲಕ್ಕೆ ಎಸೆಯಲು ಹೇಳುವುದು. "ನೋವಿದೆಯಾ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. "ಅಳುಕಿದೆಯಾ?" ಎಂದು ಕೇಳಬೇಕು. ನಾನು ಕಾಲು ನೋಡುವುದಿಲ್ಲ, ಮುಖ ನೋಡುತ್ತೇನೆ. ಮೊದಲು ಯಾವ ಕಾಲು, ಯಾವ ಹೊತ್ತಿಗೆ ಎನ್ನುವುದರಲ್ಲಿ ಒಂದು ಕೈಚಳಕ ಇದೆ. ನನ್ನ ಹುಡುಗರೂ ಇದನ್ನು ಓದುತ್ತಾರೆ, ಅದು ನನ್ನ ಹತ್ತಿರವೇ ಇರಲಿ.

ಕೊನೆಯ ಬಾಗಿಲು ಸ್ಪ್ರಿಂಟ್. ಅವನದೇ ಹಳೆಯ ಜಿಪಿಎಸ್ ದಾಖಲೆ ತೆಗೆದು, ಆ ಗರಿಷ್ಠ ವೇಗದ ತೊಂಬತ್ತು ಪರ್ಸೆಂಟು ಮೂರು ಬೇರೆ ಬೇರೆ ದಿನ ಮುಟ್ಟಿಸುತ್ತೇನೆ. ಎಲ್ಲರೂ ಬೈದಿದ್ದು ಇಲ್ಲಿಯೇ. "ಹರಿದ ಸ್ನಾಯುವಿಗೆ ಸ್ಪ್ರಿಂಟಾ?" ಪ್ರಾಕ್ಟೀಸಿನಲ್ಲಿ ಆ ವೇಗ ಕಾಣದ ಕಾಲು ಪಂದ್ಯದಲ್ಲಿ ಮೊದಲ ಸಲ ಕಂಡರೆ ಏನಾಗುತ್ತದೆ ಎಂದು ಆ ವಿಂಗರ್ ತೋರಿಸಿದ್ದನಲ್ಲ.

ನಾರ್ಡಿಕ್ (ಮಂಡಿಯೂರಿ, ಪಾದ ಹಿಡಿಸಿಕೊಂಡು, ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ) ಬಗ್ಗೆ ನಿಮಗೆ ಹೊಸದಾಗಿ ಹೇಳುವುದಿಲ್ಲ. ನಾನು ಹಾಳು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಮೊದಲ ವಾರವೇ ಮೂರು ಸಲ ಹನ್ನೆರಡು ಮಾಡಿಸಿದೆ. ಮಾರನೇ ದಿನ ಅರ್ಧ ತಂಡಕ್ಕೆ ಮೆಟ್ಟಿಲು ಇಳಿಯಲು ಆಗಲಿಲ್ಲ. ಕೋಚ್ ಎರಡು ತಿಂಗಳು ನಾರ್ಡಿಕ್ ಹೆಸರೆತ್ತಲು ಬಿಡಲಿಲ್ಲ. ಈಗ ಶುರುವಿಗೆ ಎರಡು ಸಲ ಐದು, ಅದೂ ಪ್ರಾಕ್ಟೀಸ್ ಮುಗಿದ ಮೇಲೆ, ಮುಂದಿನ ಪಂದ್ಯಕ್ಕೆ ಸಾಕಷ್ಟು ದೂರ ಇರುವಾಗ.

ಸೀಸನ್ನಿಗೆ ಮುಂಚೆ ಒಂದು ಹಾಳೆಗೆ ಕೋಚ್, ಮ್ಯಾನೇಜರ್ ಇಬ್ಬರ ಸಹಿಯನ್ನೂ ಹಾಕಿಸುತ್ತೇನೆ: ಪಂದ್ಯದ ದಿನ ಬೆಳಿಗ್ಗೆ ಯಾರಿಗೂ ಫಿಟ್ ಎಂದು ಬರೆಯುವುದಿಲ್ಲ. ಫೈನಲ್ಲೇ ಇರಲಿ. ಆ ಸಹಿಗೆ ಎರಡು ವರ್ಷ ಹಿಡಿಯಿತು.

ತೊಡೆಸಂದಿನ ನೋವಿಗೆ ಇನ್ನೊಂದು ಆಟವೂ ನಡೆದಿದೆ. ಹಳೆಯ ಬಿಪಿ ಕಫ್ ಮಡಚಿ ಮಂಡಿಗಳ ನಡುವೆ ಇಟ್ಟು, ಸ್ವಲ್ಪ ಗಾಳಿ ತುಂಬಿ, ಪಂದ್ಯದ ಮಾರನೇ ದಿನ ಎಲ್ಲರಿಗೂ ಮಂಡಿಗಳಿಂದ ಹಿಸುಕಲು ಹೇಳುತ್ತೇನೆ. ಎಂದಿನ ಅಂಕಿಗಿಂತ ಮೂವತ್ತರಷ್ಟು ಇಳಿದರೆ ಅವತ್ತು ಶೂಟಿಂಗ್ ಪ್ರಾಕ್ಟೀಸ್ ಇಲ್ಲ. ತೊಡೆಸಂದಿನ ನೋವು ಕಡಿಮೆಯಾಗಿದೆ. ಕಫ್‌ನಿಂದಲೋ, ಹೊಸ ಮೈದಾನದಿಂದಲೋ, ಇನ್ನೊಂದು ವರ್ಷ ನೋಡಬೇಕು. ಖರ್ಚಂತೂ ಸೊನ್ನೆ.

ಮೂವತ್ತು ದಾಟಿದವರ ಮೀನಖಂಡ ಮಾತ್ರ ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಈ ಸೀಸನ್ನಿನಲ್ಲಿ ಆಗಲೇ ಎರಡು.