ಚೆಂಡುಹೂವಿಗೆ ರಾತ್ರಿ ಲೈಟ್ ಹಾಕಿ, ಥಾಯ್ ರಾಜರ ಅಂತ್ಯಕ್ರಿಯೆ ದಿನಕ್ಕೆ ಅರಳಿಸಿದ್ದು – ನನ್ನ ಅನುಭವ

ಚೆಂಡುಹೂವಿಗೆ ಯಾರಾದ್ರೂ ಲೈಟ್ ಹಾಕ್ತಾರೇನೋ, ಅದೇನು ಸೇವಂತಿಗೆನಾ ಅಂತ ನಕ್ಕವರೇ ಈಗ ಎಷ್ಟು ದಿನ ಹಾಕ್ದೆ ಎಷ್ಟು ವ್ಯಾಟ್ ಬಲ್ಬು ಅಂತ ಕೇಳ್ತಾರೆ, ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು, ಬರೆದು ಬಿಡ್ತೀನಿ. ಎಲ್ಲಾ ಬರೆಯಲ್ಲ, ನನ್ನ ಹೊಟ್ಟೆಪಾಡೂ ನೋಡ್ಕೋಬೇಕು.

ನಾನು ಮಾಲೂರು ಕಡೆಯವನು. ಬ್ಯಾಂಕಾಕಿನಲ್ಲಿ ಮೂರು ಅಪಾರ್ಟ್‌ಮೆಂಟ್ ಕಾಂಪೌಂಡುಗಳ ಗಾರ್ಡನ್ ಕಾಂಟ್ರಾಕ್ಟ್ ಸೂಪರ್‌ವೈಸರ್ ಆಗಿದ್ದೆ. 2016ರ ಅಕ್ಟೋಬರ್ 13ಕ್ಕೆ ರಾಜ ಭೂಮಿಬೋಲ್ ಸಿರಿರಾಜ್ ಆಸ್ಪತ್ರೆಯಲ್ಲಿ ತೀರ್ಕೊಂಡ್ರು. 88 ವರ್ಷ ವಯಸ್ಸು, 70 ವರ್ಷ ಆಳ್ವಿಕೆ, ಅಂದ್ರೆ ಆ ಊರಿನ ಹೆಚ್ಚುಕಡಿಮೆ ಎಲ್ಲರಿಗೂ ಬೇರೆ ರಾಜರನ್ನ ನೋಡಿದ ನೆನಪೇ ಇಲ್ಲ. ಮಾರನೇ ದಿನ ಕೆಲಸಕ್ಕೆ ಹೋದ್ರೆ ಇಡೀ ಊರೇ ಕಪ್ಪು, ಟೀವಿನೂ ಕಪ್ಪು ಬಿಳುಪು. ಸರ್ಕಾರಿ ನೌಕರರಿಗೆ ಒಂದು ವರ್ಷ ಕಪ್ಪು ಬಟ್ಟೆ, ಉಳಿದವರು 30 ದಿನ ಮೋಜು ಮಸ್ತಿ ಬಿಡಿ ಅಂತ ಹೇಳಿದ್ರು. ನಮ್ಮ ದೀಪಾವಳಿ ಆ 30 ದಿನದೊಳಗೇ ಬಂತು. ಪಟಾಕಿ ಇಲ್ಲ, ಕಪ್ಪು ಶರ್ಟ್ ಹಾಕ್ಕೊಂಡು ದೀಪ ಹಚ್ಚಿದ್ದು ಅದೊಂದೇ ಸಲ. ವಿಡಿಯೋ ಕಾಲ್‌ನಲ್ಲಿ ನೋಡಿದ ಅಮ್ಮ "ಹಬ್ಬದ ದಿನ ಇದೇನೋ ದರಿದ್ರ" ಅಂತ ಬೈದ್ರು.

ಆ ಶರ್ಟ್‌ನದ್ದೇ ಒಂದು ಕತೆ. 150 ಬಾತ್‌ಗೆ ಸಿಗ್ತಿದ್ದ ಕಪ್ಪು ಟೀ ಶರ್ಟ್ ನಮ್ಮ ಬೀದಿಲಿ 300 ಹತ್ರ ಹೋಯ್ತು (ಆಗ ಒಂದು ಬಾತ್ ಅಂದ್ರೆ ಎರಡು ರೂಪಾಯಿ ಹತ್ರ), ಅದೂ ನನ್ನ ಸೈಜ್ ಇಲ್ಲ. ಊರಲ್ಲಿ ಅಲ್ಲಲ್ಲಿ ದೊಡ್ಡ ಹಂಡೆ ಇಟ್ಟು ಪುಕ್ಕಟೆ ಬಣ್ಣ ಹಾಕಿ ಕೊಡ್ತಿದ್ರು, ಕ್ಯೂ ನೋಡಿ ಬೇಡ ಅಂತ ನಾನೇ ಪುಡಿ ತಂದು ಅನ್ನದ ಪಾತ್ರೇಲೆ ಐದು ಯೂನಿಫಾರ್ಮ್ ಕುದಿಸಿದೆ. ಎರಡು ಕಾಟನ್, ಚೆನ್ನಾಗಿ ಕಪ್ಪಾಯ್ತು. ಮೂರು ಪಾಲಿಯೆಸ್ಟರ್ ಮಿಕ್ಸ್, ಇಲಿ ಬಣ್ಣಕ್ಕೆ ಬಂತು, ಹೊಲಿಗೆ ದಾರ ಮಾತ್ರ ಬೆಳ್ಳಗೇ ಉಳೀತು. ಹಾಕ್ಕೊಂಡ್ರೆ ದರ್ಜಿ ಗುರುತು ಹಾಕಿ ಬಿಟ್ಟ ಬಟ್ಟೆ ಥರ. ಪಾತ್ರೆನೂ ಹೋಯ್ತು.

ಸರಿ, ಹೂವಿಗೆ ಬರೋಣ. ರಾಜರು ಹುಟ್ಟಿದ್ದು ಸೋಮವಾರ. ಥಾಯ್ ಜನಕ್ಕೆ ವಾರದ ಒಂದೊಂದು ದಿನಕ್ಕೂ ಒಂದು ಬಣ್ಣ, ಸೋಮವಾರಕ್ಕೆ ಹಳದಿ. ದಹನ 2017ರ ಅಕ್ಟೋಬರ್ 26ಕ್ಕೆ ಅಂತ ಗೊತ್ತಾದ ಮೇಲೆ ದೇಶವೆಲ್ಲ ಚೆಂಡುಹೂ ಅರಳಿರಬೇಕು, ಎಲ್ಲರೂ ನೆಡಿ ಅಂತ ಶುರುವಾಯ್ತು. ಮನೆ ಮುಂದೆ, ಸ್ಕೂಲ್ ಮುಂದೆ, ಪೊಲೀಸ್ ಸ್ಟೇಷನ್ ಮುಂದೆ ಎಲ್ಲಾ ಕಡೆ. ಅವರು ಅದಕ್ಕೆ ದಾವ್ ರುವಾಂಗ್ ಅಂತಾರೆ. ದೇವರಿಗೆ ಅಲ್ಲೂ ಅದೇ, ನಮ್ಮಲ್ಲಿ ಇದ್ದ ಹಾಗೇ. ನಮ್ಮ ಮೂರು ಕಾಂಪೌಂಡಿಗೆ 2,400 ಬ್ಯಾಗ್ ಗಿಡ ಬೇಕು ಅಂತ ಲೆಕ್ಕ. ನರ್ಸರಿಯವನು ಹೂ ಬಿಟ್ಟ ಗಿಡ ಒಂದಕ್ಕೆ 25 ಬಾತ್ ಅಂದ, ಅಕ್ಟೋಬರ್‌ಗೆ ಏರಿದ್ರೆ ನನ್ನ ಕೇಳ್ಬೇಡಿ ಅಂತ ಬೇರೆ. 60,000 ಬಾತ್! ನಾನೇ ಬೆಳೀತೀನಿ ಅಂದೆ.

ನನ್ನ ಜೊತೆ ಕೆಲಸ ಮಾಡ್ತಿದ್ದ ಥಾಯ್ ಮೇಸ್ತ್ರಿ, ವಯಸ್ಸಲ್ಲಿ ದೊಡ್ಡವರು, ಪೀ ಅಂತ ಕರೀತಿದ್ದೆ, ನಮ್ಮ ಅಣ್ಣ ಅಂದ ಹಾಗೆ. "ಮಾಯ್ ದಾಯ್" ಅಂದ್ರು, ಅಂದ್ರೆ ಆಗಲ್ಲ. ಮಳೆಗಾಲದ ಕೊನೆ, ಬೇರು ಕೊಳೆಯುತ್ತೆ, ಉಳಿದ್ರೂ ಹೂ ಬೇಗ ಬಂದು 26ಕ್ಕೆ ಬಾಡಿರುತ್ತೆ ಅಥವಾ ಬಂದೇ ಇರಲ್ಲ. ಅಪ್ಪನೂ ಫೋನಲ್ಲಿ ಅದನ್ನೇ ಹೇಳಿದ್ರು, ದಸರಾಕ್ಕೆ ಅಂತ ನಾಟಿ ಮಾಡಿ ದೀಪಾವಳಿಗೆ ಕಿತ್ತ ನಮ್ಮದೇ ತೋಟದ ಉದಾಹರಣೆ ಸಮೇತ.

ಲೈಟ್ ಐಡಿಯಾ ಬಂದಿದ್ದು ಆ ವರ್ಷ ಜನವರಿಯಲ್ಲಿ. ಕಾಂಪೌಂಡ್ ಗೋಡೆ ಉದ್ದಕ್ಕೂ ಚೆಂಡುಹೂ ಇತ್ತು, ಎಲ್ಲಾ ಅರಳಿದ್ರೆ ಲ್ಯಾಂಪ್ ಪೋಸ್ಟ್ ಕೆಳಗಿನ ಏಳೆಂಟು ಗಿಡ ಮಾತ್ರ ಬರೀ ಸೊಪ್ಪು. ಮೊದಲು ಗೊಬ್ಬರ ಜಾಸ್ತಿ ಆಗಿದೆ ಅನ್ಕೊಂಡೆ. ಆಮೇಲೆ ಹೊಳೀತು, ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಹೊಲಕ್ಕೆ ರಾತ್ರಿ ಬಲ್ಬ್ ಹಾಕಿ ಹೂ ತಡ ಮಾಡ್ತಾರಲ್ಲ, ಬಸ್ಸಲ್ಲಿ ಹೋಗುವಾಗ ಜಾತ್ರೆ ಥರ ಕಾಣುತ್ತೆ, ಅದೇ ಇದು, ರಾತ್ರಿ ಬೆಳಕು ಬಿದ್ರೆ ಗಿಡ ಹೂ ಬಿಡೋದನ್ನ ಮುಂದೂಡುತ್ತೆ.

ಮೊದಲನೇ ಟ್ರಯಲ್ ಫೆಬ್ರವರಿಲಿ, 300 ಸಸಿ. ಅರ್ಧ ಟ್ರೇಲೇ ಕತ್ತು ಕೊಳೆತು ಬಿದ್ದುಹೋದ್ವು, ತೆಂಗಿನ ನಾರಿನ ಪುಡಿ ತೊಳೆಯದೆ ಹಾಕಿದ್ದೆ, ನನ್ನದೇ ತಪ್ಪು. ಉಳಿದಿದ್ದಕ್ಕೆ ಸಂಜೆ ಆರರಿಂದ ಬೆಳಗ್ಗೆ ಆರರವರೆಗೂ ಲೈಟ್ ಬಿಟ್ಟೆ. ಗಿಡ ಸೊಂಟದವರೆಗೂ ಬೆಳೆದು ಬಗ್ಗಿ ನೆಲ ಹಿಡಿದ್ವು, ಕರೆಂಟ್ ಬಿಲ್ ನೋಡಿ ಆಫೀಸಿನವರು ಕರೆದು ಕೇಳಿದ್ರು. ಎರಡನೇ ಟ್ರಯಲ್ ಏಪ್ರಿಲ್‌ನಲ್ಲಿ, ಹಳದಿ ಎಲ್‌ಇಡಿ, ಗಿಡದ ತುದಿಯಿಂದ ಅಳತೆ ಎತ್ತರದಲ್ಲಿ ಕಟ್ಟಿ, ಮಧ್ಯರಾತ್ರಿಲಿ ಮಾತ್ರ ಸ್ವಲ್ಪ ಹೊತ್ತು. ಸಂಜೆ ಹಾಕೋದಲ್ಲ, ಮಧ್ಯರಾತ್ರಿ, ಅದೇ ಗುಟ್ಟು. ಎಷ್ಟು ಹೊತ್ತು ಅಂತ ಕೇಳ್ಬೇಡಿ.

ಪೀ ನಂಬಿದ್ದು ಯಾವಾಗ ಗೊತ್ತಾ, ಆ ಟ್ರಯಲ್‌ನಲ್ಲಿ ಮೂಲೆಯ ಒಂದು ಬಲ್ಬ್ ಸುಟ್ಟುಹೋಗಿತ್ತು, ನಾವು ಯಾರೂ ನೋಡಿರಲಿಲ್ಲ. ಒಂದು ಬೆಳಗ್ಗೆ ನೋಡಿದ್ರೆ ಇಡೀ ಮಡಿ ಹಸಿರು, ಆ ಬಲ್ಬ್ ಕೆಳಗೆ ಮಾತ್ರ ಕಂಪಾಸ್ ಇಟ್ಟು ಗೆರೆ ಎಳೆದ ಹಾಗೆ ದುಂಡಗೆ ಹಳದಿ. ಪೀ ಸುಮ್ನೆ ನಿಂತು ನೋಡಿ, ಬಲ್ಬ್ ಬಿಚ್ಚಿ ಕಿವಿ ಹತ್ರ ಅಲ್ಲಾಡಿಸಿ ನೋಡಿ, ಜೇಬಲ್ಲಿ ಹಾಕ್ಕೊಂಡು ಹೋದ್ರು. ಒಂದು ಮಾತೂ ಆಡ್ಲಿಲ್ಲ.

ಆ ಹೊತ್ತಿಗೆ ಟ್ರಯಲ್‌ಗಳಿಗೇ ನನ್ನ ಕೈಯಿಂದ 8,000 ಬಾತ್ ಹೋಗಿತ್ತು.

ಮಧ್ಯೆ ನಾನೂ ಒಂದ್ಸಲ ರಾಜರಿಗೆ ಕೊನೇ ನಮಸ್ಕಾರ ಮಾಡೋಕೆ ಅರಮನೆಗೆ ಕ್ಯೂ ನಿಂತು ಬಂದೆ. ಸನಾಮ್ ಲುವಾಂಗ್ ಮೈದಾನದ ಟೆಂಟಲ್ಲಿ ಕೂರಿಸಿ ಕೂರಿಸಿ ಮುಂದೆ ಬಿಡ್ತಾರೆ, ಎಂಟು ಗಂಟೆ ಆಯ್ತು. ಪುಕ್ಕಟೆ ಊಟ, ನೀರು, ಫ್ಯಾನ್ ಬೀಸೋಕೆ ಸ್ಕೂಲ್ ಮಕ್ಕಳು, ಬೈಕ್ ಟ್ಯಾಕ್ಸಿಯವರು ದುಡ್ಡು ತಗೊಳ್ಳಲ್ಲ. ಒಳಗೆ ದುಸಿತ್ ಮಹಾಪ್ರಾಸಾದದಲ್ಲಿ ಚಿನ್ನದ ಕಳಶದ ಮುಂದೆ ಕೂತು ಒಂದು ನಮಸ್ಕಾರ ಅಷ್ಟೇ, ಎದ್ದೇಳಬೇಕು. ಕಳಶ ಬರೀ ಸಂಪ್ರದಾಯಕ್ಕೆ, ದೇಹ ಇದ್ದಿದ್ದು ಹಿಂದೆ ಪೆಟ್ಟಿಗೆಯಲ್ಲಿ. ವರ್ಷದಲ್ಲಿ ಒಂದೂಕಾಲು ಕೋಟಿ ಮೀರಿ ಜನ ಹೀಗೆ ಬಂದು ಹೋದ್ರು.

ದೊಡ್ಡ ಬೆಳೆ ಆಗಸ್ಟ್ ಮೊದಲ ವಾರ ಬಿತ್ತಿದೆ, ಎಲ್ಲರಿಗಿಂತ ಹತ್ತು ಹದಿನೈದು ದಿನ ಮುಂಚೆ. ಹುಚ್ಚು ಅಂದ್ರು, 60–65 ದಿನಕ್ಕೆ ಹೂ ಬರುತ್ತೆ, ಅಕ್ಟೋಬರ್ ಆರಕ್ಕೇ ಅರಳುತ್ತೆ ಅಂತ. ನನಗೆ ಬೇಕಾಗಿದ್ದು ದಪ್ಪ ಗಿಡ, ಹೂವಿನ ಟೈಮ್ ಲೈಟ್ ನೋಡ್ಕೊಳ್ಳುತ್ತೆ. ಬ್ಯಾಗ್‌ಗಳನ್ನ ಸಿಮೆಂಟ್ ಬ್ಲಾಕ್ ಮೇಲೆ ಹಲಗೆ ಹಾಕಿ ಎತ್ತಿಟ್ಟೆ, ಮಣ್ಣಿಗೆ ಭತ್ತದ ಹೊಟ್ಟಿನ ಬೂದಿ ಧಾರಾಳ. ಕುಡಿ ಚಿವುಟಿದ್ದು ಒಂದೇ ಸಲ ಅಲ್ಲ. ಸೆಪ್ಟೆಂಬರ್ ಮೂರನೇ ವಾರ ಲೈಟ್ ಆಫ್. ಯಾವ ತಾರೀಕು ಅನ್ನೋದು ತಳಿ ಮೇಲೆ ಹೋಗುತ್ತೆ, ನನ್ನ ತಳಿ ಹೆಸರು ಹೇಳಲ್ಲ. ಒಂದು 200 ಗಿಡ ಲೈಟ್ ಇಲ್ಲದೆ ಬೇರೆ ಇಟ್ಟೆ, ನೋಡೋಣ ಅಂತ.

ಅಕ್ಟೋಬರ್ 10ಕ್ಕೆ ಆ 200 ಗಿಡ ಮತ್ತೆ ಅಕ್ಕಪಕ್ಕದ ಕಾಂಪೌಂಡಿನದ್ದೆಲ್ಲ ಅರಳಿ ಜಗಮಗ. ನನ್ನದು ಬರೀ ಬಟಾಣಿ ಗಾತ್ರದ ಮೊಗ್ಗು. ಮ್ಯಾನೇಜರ್ ದಿನಾ ಬಂದು ಗಡಿಯಾರ ನೋಡೋರು. 13ರ ರಾತ್ರಿ, ರಾಜರು ಹೋಗಿ ಸರಿಯಾಗಿ ಒಂದು ವರ್ಷ ತುಂಬಿದ ರಾತ್ರಿ, ಮಳೆ ಹೊಡೀತು ನೋಡಿ, ಬ್ಯಾಂಕಾಕಿನ ಕೆಲವು ಕಡೆ 200 ಮಿಲಿಮೀಟರ್ ದಾಟ್ತು, ಬೆಳಗ್ಗೆ ರಸ್ತೇಲಿ ಮೊಣಕಾಲುದ್ದ ನೀರು. ಅರಳಿದ ಹೂವೆಲ್ಲ ಸ್ಪಂಜಿನ ಥರ ನೀರು ಕುಡಿದು, ಕತ್ತು ಮುರಿದು, ಎರಡು ದಿನದಲ್ಲಿ ಕಂದು ಮುದ್ದೆ. ಮೊಗ್ಗಿಗೆ ಏನೂ ಆಗ್ಲಿಲ್ಲ, ಮೊಗ್ಗಲ್ಲಿ ನೀರು ನಿಲ್ಲೋದಾದ್ರೂ ಎಲ್ಲಿ. ಇದು ನನ್ನ ಪ್ಲಾನಲ್ಲಿ ಇರ್ಲಿಲ್ಲ, ಒಪ್ಕೋತೀನಿ, ಆದ್ರೆ ಮೊಗ್ಗು ಮೊಗ್ಗಾಗೇ ಇದ್ದಿದ್ದು ಲೈಟಿಂದ.

22ಕ್ಕೆ ಬಣ್ಣ ಒಡೀತು, 25ಕ್ಕೆ ಪೂರಾ. 2,400ರಲ್ಲಿ 2,150 ಹತ್ರ ನಿಂತಿತ್ತು. ಖರ್ಚು ಬೀಜ 4,500, ಬ್ಯಾಗ್ ಮಣ್ಣು 9,000, ಬಲ್ಬ್ ವೈರ್ 6,000, ಕರೆಂಟ್ 2,000, ಔಷಧಿ ಚಿಲ್ಲರೆ ಸೇರಿ 24,000 ಅಂದ್ಕೊಳ್ಳಿ. ಮಳೆ ಆದ್ಮೇಲೆ ನರ್ಸರಿಲಿ ಗಿಡಕ್ಕೆ 40 ಕೇಳ್ತಿದ್ರು, ಅದೂ ಎಲೆ ಉದುರಿದ್ದು. ನನಗೆ ಬೋನಸ್ 5,000 ಕೊಟ್ರು, ಟ್ರಯಲ್‌ನಲ್ಲಿ ಹೋದ 8,000 ಕೊಡ್ಲಿಲ್ಲ.

26ಕ್ಕೆ ರಜೆ, ಮಧ್ಯಾಹ್ನಕ್ಕೇ ಅಂಗಡಿ ಬಾಗಿಲು ಬಂದ್. ರಾಜರ ಕಳಶ ಹೊತ್ತು ಇನ್ನೂರು ಚಿಲ್ಲರೆ ಜನ ಎಳೆಯೋ ಆ ರಥ, 1795ರದ್ದು, 14 ಟನ್ ಹತ್ರ, ಟೀವಿಲಿ ನೋಡಿದೆ. ಚಿತೆ ಕಟ್ಟಡಕ್ಕೆ ಫ್ರಾ ಮೇರುಮಾತ್ ಅಂತಾರೆ, ನಮ್ಮ ಮೇರು ಪರ್ವತವೇ, ಒಂಬತ್ತು ಶಿಖರ, 50 ಮೀಟರ್ ಎತ್ತರ. ಸಂಜೆ ಪೀ ಜೊತೆ, ಜನ ಹೂ ಇಡೋಕೆ ಅಂತ ಮಾಡಿದ್ದ ಹತ್ರದ ಕೇಂದ್ರಕ್ಕೆ ಹೋಗಿ ದಾಕ್ ಮಾಯ್ ಚನ್, ಅಂದ್ರೆ ಅಂತ್ಯಕ್ರಿಯೆಗೆ ಅರ್ಪಿಸೋ ಚಂದನದ ಹೂ, ಇಟ್ಟು ಬಂದೆ. ಚನ್ ಅಂದ್ರೆ ಚಂದನ, ಆದ್ರೆ ಜನ ಇಡೋದು ಹೆಚ್ಚಾಗಿ ಕಾಗದದ್ದು. ಅವರ ಚಂದನವೂ ನಮ್ಮ ಶ್ರೀಗಂಧ ಅಲ್ಲ, ಕುಯಿ ಬುರಿ ಕಾಡಿನ ಬೇರೆ ಜಾತಿ ಮರ. ಪೀ ಹೆಂಡತಿ ಕಲಿಸಿಕೊಟ್ಟ ಹಾಗೆ ನಾನೂ ಒಂದು ಮಾಡಿದ್ದೆ, ಹೂಕೋಸಿನ ಥರ ಆಗಿತ್ತು, ಅವರದ್ದೇ ಒಂದು ಕೊಟ್ರು. ನಿಜವಾದ ಅಗ್ನಿ ರಾತ್ರಿ ಹತ್ತರ ಮೇಲೆ, ಅದನ್ನ ಟೀವಿಲಿ ತೋರಿಸ್ಲಿಲ್ಲ. ಪೀ ಅಳ್ತಿದ್ರು, ನಾನು ಬೈಕ್ ಓಡಿಸ್ಕೊಂಡು ಬಂದೆ.

ಈಗ ಇದೆಲ್ಲ ಮತ್ತೆ ಎದ್ದಿದ್ದು ಯಾಕಂದ್ರೆ 2025ರ ಅಕ್ಟೋಬರ್ 24ಕ್ಕೆ ಆ ರಾಜರ ಹೆಂಡತಿ ರಾಣಿ ಸಿರಿಕಿತ್ ತೀರ್ಕೊಂಡ್ರು, 93 ವರ್ಷ. ಪೀ ಫೋನ್ ಮಾಡಿದ್ರು. ರಾಣಿ ಹುಟ್ಟಿದ್ದು ಶುಕ್ರವಾರ, ಶುಕ್ರವಾರಕ್ಕೆ ನೀಲಿ. "ನೀಲಿ ದಾವ್ ರುವಾಂಗ್ ಮಾಡ್ತೀಯಾ" ಅಂತ ಕೇಳಿದ್ರು, ತಮಾಷೆಗೋ ನಿಜಕ್ಕೋ ಗೊತ್ತಾಗ್ಲಿಲ್ಲ. ಮಾಲೂರಲ್ಲಿ ಹಿತ್ತಲ ಶಂಖಪುಷ್ಪದ ಬಳ್ಳಿಗೆ ಒಂದು ಬಲ್ಬ್ ಕಟ್ಟಿದ್ದೀನಿ, ಇಪ್ಪತ್ತು ದಿನ ಆಯ್ತು, ಹುಳ ಬರ್ತಿವೆ ಅಷ್ಟೇ.