ಈ ಚುಕ್ಕಿ ಯಾವ ಚುಕ್ಕಿ? ಪತ್ತೆ ಮಾಡುವುದು ಹೀಗೆ

ಫೈಲ್‌ನಲ್ಲಿ ಚುಕ್ಕಿ ಕಣ್ಣೆದುರೇ ಇದೆ. ಆದರೂ ಫೈಂಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ 'ಸಿಗಲಿಲ್ಲ' ಅನ್ನುತ್ತದೆ. ಕಂಪ್ಯೂಟರ್ ಚುಕ್ಕಿಯ ಆಕಾರ ನೋಡುವುದಿಲ್ಲ, ಅದಕ್ಕೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ನಂಬರ್ ಕೊಡುವ ವ್ಯವಸ್ಥೆ) ಕೊಟ್ಟ ನಂಬರ್ ನೋಡುತ್ತದೆ. ನಂಬರ್ ಬೇರೆಯಾದರೆ ಅದು ಬೇರೆಯದೇ ಅಕ್ಷರ.

ಹಾಗಾಗಿ ಮೊದಲು ನಂಬರ್ ಕೇಳಿ. ಅನುಮಾನದ ಚುಕ್ಕಿಯನ್ನಷ್ಟೇ ಕಾಪಿ ಮಾಡಿ ಎಕ್ಸೆಲ್‌ನ ಒಂದು ಸೆಲ್‌ಗೆ ಹಾಕಿ, ಪಕ್ಕದ ಸೆಲ್‌ನಲ್ಲಿ ಯೂನಿಕೋಡ್ ಫಂಕ್ಷನ್ ಬಳಸಿ (ಚುಕ್ಕಿ A1ರಲ್ಲಿದ್ದರೆ =UNICODE(A1)). ಅದು ಮೊದಲ ಅಕ್ಷರದ ನಂಬರ್ ಮಾತ್ರ ಹೇಳುತ್ತದೆ. 32 ಬಂತು ಅಂದರೆ ಚುಕ್ಕಿಗಿಂತ ಮೊದಲಿದ್ದ ಸ್ಪೇಸ್ ಕೂಡ ಕಾಪಿಯಾಗಿದೆ, ಮತ್ತೆ ಮಾಡಿ.

46 ಬಂದರೆ ಮಾಮೂಲಿ ಪೂರ್ಣವಿರಾಮ. 8226 ಬಂದರೆ ಪಟ್ಟಿಗೆ ಹಾಕುವ ದಪ್ಪ ಬುಲೆಟ್ (•). ತಲೆನೋವು ಇರುವುದು ಸಾಲಿನ ನಡುಮಟ್ಟದಲ್ಲಿ ನಿಲ್ಲುವ ಸಣ್ಣ ಚುಕ್ಕಿಗಳಲ್ಲಿ. 183 ಅಂದರೆ ನಡುಚುಕ್ಕಿ (·). ಕತಲಾನ್ ಭಾಷೆಯಲ್ಲಿ ಎರಡು 'ಎಲ್' ಅಕ್ಷರಗಳ ಮಧ್ಯೆ ಬರುವುದು ಇದೇ. 8901 ಅಂದರೆ ಗಣಿತದ ಗುಣಾಕಾರದ ಚುಕ್ಕಿ (⋅). ಎಷ್ಟೋ ಫಾಂಟ್‌ಗಳಲ್ಲಿ ಇವೆರಡನ್ನು ಪಕ್ಕಪಕ್ಕ ಇಟ್ಟರೂ ಗುರುತು ಸಿಗಲ್ಲ. ಜಪಾನಿ ಚುಕ್ಕಿ (・) 12539, ಅದು ಒಂದಿಡೀ ಅಕ್ಷರದಷ್ಟು ಜಾಗ ಹಿಡಿಯುವುದರಿಂದ ಬೇಗ ಸಿಕ್ಕಿಬೀಳುತ್ತದೆ. ಗ್ರೀಕ್‌ನಲ್ಲಿ ಅರ್ಧವಿರಾಮದ ಕೆಲಸ ಮಾಡುವ 903 ಮಾತ್ರ ವಿಚಿತ್ರ. ನಂಬರ್ ಬೇರೆ ಕೊಟ್ಟರೂ ಯೂನಿಕೋಡ್ ಅದನ್ನು 183ಕ್ಕೆ ಸಮ ಎಂದೇ ಲೆಕ್ಕ ಹಾಕುತ್ತದೆ. ಸಾಫ್ಟ್‌ವೇರ್ ನಿಮ್ಮ ಪಠ್ಯವನ್ನು ನಾರ್ಮಲೈಸ್ ಮಾಡಿದರೆ, ಅಂದರೆ ಸಮ ಎನಿಸಿದ ಅಕ್ಷರಗಳನ್ನು ಒಂದೇ ರೂಪಕ್ಕೆ ತಂದರೆ, 903 ಸುಮ್ನೆ 183 ಆಗಿಬಿಡುತ್ತದೆ. ಅದರ ಜೊತೆ ಜಗಳ ಬೇಡ.

ಕನ್ನಡದಲ್ಲೂ ಇಂಥ ಜೋಡಿ ಇದೆ ಅಲ್ವಾ? ಅನುಸ್ವಾರ 3202, ಸೊನ್ನೆ 3302. ೧ರ ಮುಂದೆ ಸೊನ್ನೆಯ ಬದಲು ಅನುಸ್ವಾರ ಒತ್ತಿದರೆ ನೋಡುವವರಿಗೆ ಹತ್ತು, ಕಂಪ್ಯೂಟರ್‌ಗೆ ಅಲ್ಲ.

ಗುರುತು ಸಿಕ್ಕಿತೇ? ಈಗ ತಪ್ಪು ಚುಕ್ಕಿಯನ್ನು ಫೈಲ್‌ನಿಂದಲೇ ಕಾಪಿ ಮಾಡಿ ಫೈಂಡ್‌ಗೆ ಹಾಕಿ, ಬೇಕಾದದ್ದನ್ನು ರಿಪ್ಲೇಸ್‌ಗೆ ಹಾಕಿ. ವಿಂಡೋಸ್‌ನಲ್ಲಿ ಆಲ್ಟ್ ಒತ್ತಿ ಹಿಡಿದು ನಂಬರ್ ಪ್ಯಾಡ್‌ನಲ್ಲಿ 0183 ಒತ್ತಿದರೆ ನಡುಚುಕ್ಕಿ, 0149 ಒತ್ತಿದರೆ ಬುಲೆಟ್. ಮ್ಯಾಕ್‌ನ ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಬುಲೆಟ್‌ಗೆ ಆಪ್ಷನ್ ಮತ್ತು 8 ಸಾಕು.

ಚುಕ್ಕಿಯ ಹಿಂದೆ ಟೋಪಿ ಹಾಕಿದ ಇಂಗ್ಲಿಷ್ 'ಎ' ಕಂಡರೆ ರಿಪ್ಲೇಸ್ ಮಾಡಲು ಹೋಗಬೇಡಿ. ಯುಟಿಎಫ್-8 ಅಂದರೆ ಯೂನಿಕೋಡ್ ಅಕ್ಷರಗಳನ್ನು ಫೈಲ್‌ನಲ್ಲಿ ಬೈಟ್‌ಗಳಾಗಿ ಬರೆದಿಡುವ ಒಂದು ರೀತಿ (ಎನ್‌ಕೋಡಿಂಗ್), ಅದರಲ್ಲಿ ನಡುಚುಕ್ಕಿಗೆ ಎರಡು ಬೈಟ್. ಅದನ್ನು ಹಳೆಯ ವಿಂಡೋಸ್ ಎನ್‌ಕೋಡಿಂಗ್‌ನಲ್ಲಿ ಓದಿದರೆ ಒಂದು ಅಕ್ಷರ ಎರಡಾಗುತ್ತದೆ. ಬುಲೆಟ್‌ಗೆ ಮೂರು ಬೈಟ್, ಹಾಗಾಗಿ ಅದು ಮೂರಾಗುತ್ತದೆ. ಫೈಲನ್ನು ಸೇವ್ ಮಾಡದೆ ಮುಚ್ಚಿ, ಯುಟಿಎಫ್-8 ಆರಿಸಿ ಮತ್ತೆ ತೆರೆಯಿರಿ.